ಜಂಕ್ಷನ್ ಮರುವಿನ್ಯಾಸ: ಮೂಲೆಯಿಂದ ಶುರು ಮಾಡಿ, ಸಿಗ್ನಲ್ ಕೊನೆಗಿರಲಿ

ಜಂಕ್ಷನ್ ಸರಿಪಡಿಸಲು ಹೊರಟ ಬಹಳ ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ವಾಹನ ಎಣಿಸುತ್ತಾರೆ. ಎಷ್ಟು ಲೇನ್ ಬೇಕು ಅಂತ ಲೆಕ್ಕ ಹಾಕುತ್ತಾರೆ. ಆಮೇಲೆ ಸಿಗ್ನಲ್ ಸೆಕೆಂಡುಗಳನ್ನು ಹಂಚುತ್ತಾರೆ. ಕೊನೆಗೆ ಉಳಿದ ಜಾಗದಲ್ಲಿ ಜೀಬ್ರಾ ಪಟ್ಟೆ ಬಳಿದು, ಪಕ್ಕದಲ್ಲೊಂದು ಸೈಕಲ್ ಚಿತ್ರ ಬರೆದು ಮುಗಿಸುತ್ತಾರೆ. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಜನ ಪಟ್ಟೆ ಬಿಟ್ಟು ಬೇರೆ ಕಡೆ ದಾಟುತ್ತಿರುತ್ತಾರೆ. ಸೈಕಲ್‌ನವರು ಫುಟ್‌ಪಾತ್ ಹತ್ತಿರುತ್ತಾರೆ. ವಾಹನಗಳ ಸಾಲು ಮೊದಲಿನಷ್ಟೇ ಉದ್ದ ಇರುತ್ತದೆ.

ಇಂಥ ಕಡೆ ಲೆಕ್ಕ ಸರಿಯೇ ಇರುತ್ತದೆ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೇ. ನಾನು ಹೇಳುವ ಕ್ರಮ ಇದು: ನೋಡುವುದು, ಅಳೆಯುವುದು, ನಡೆಯುವವರ ದಾರಿ, ಮೂಲೆ, ಸೈಕಲ್ ದಾರಿ, ಆಮೇಲೆ ಲೇನ್. ಸಿಗ್ನಲ್ ಲೆಕ್ಕ ಇದೆಲ್ಲ ಆದ ಮೇಲೆ. ಇದರಿಂದ ವಾಹನದವರಿಗೂ ಹೇಗೆ ಲಾಭ ಅನ್ನುವುದು 7ನೇ ಹಂತದಲ್ಲಿ ಅಂಕಿಗಳಲ್ಲೇ ಕಾಣುತ್ತದೆ.

ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ ಅಂತ ಇಟ್ಟುಕೊಂಡು ಬರೆದಿದ್ದೇನೆ. ಬಲಬದಿಯಲ್ಲಿ ಓಡುವ ಕಡೆ ಎಡ, ಬಲ ಅದಲುಬದಲು ಮಾಡಿ ಓದಿಕೊಳ್ಳಿ. ಇಲ್ಲಿನ ಅಳತೆಗಳು ಮೊದಲ ನಕ್ಷೆಗೆ ಸಾಕು. ಅಂತಿಮ ನಕ್ಷೆಗೆ ನಿಮ್ಮಲ್ಲಿ ಜಾರಿಯಲ್ಲಿರುವ ರಸ್ತೆ ನಿಯಮಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಲೇಬೇಕು.

ಬೇಕಾಗುವ ಸಾಮಾನು

50 ಮೀಟರ್ ಟೇಪು, ಸ್ಟಾಪ್‌ವಾಚ್ (ಮೊಬೈಲ್‌ನದ್ದೇ ಸಾಕು), ಸೀಮೆಸುಣ್ಣ, ಒಂದು ಚೀಲ ಸುಣ್ಣದ ಪುಡಿ, ಹತ್ತಿಪ್ಪತ್ತು ರಬ್ಬರ್ ಕೋನ್, ಒಂದು ಬಕೆಟ್, ಮತ್ತು 1:200 ಪ್ರಮಾಣದಲ್ಲಿ ಜಂಕ್ಷನ್‌ನ ಈಗಿನ ನಕ್ಷೆ. ಆ ಪ್ರಮಾಣದಲ್ಲಿ ಕಾಗದದ ಮೇಲಿನ ಅರ್ಧ ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಮೀಟರ್. ಕೈಯಲ್ಲಿ ಗೀಚಲು ಅನುಕೂಲ.

ಇನ್ನೂ ಒಂದು ಬೇಕು: ವೀಲ್‌ಚೇರ್ ಬಳಸುವ ಒಬ್ಬರು ಮತ್ತು ಬಿಳಿ ಕೋಲು ಹಿಡಿದು ನಡೆಯುವ ಒಬ್ಬರು. ನಕ್ಷೆ ಮುಗಿದ ಮೇಲೆ ಅಭಿಪ್ರಾಯ ಕೇಳಲು ಕರೆಯಬೇಡಿ. ಮೊದಲ ದಿನವೇ ಜೊತೆಗೆ ಕರೆದುಕೊಂಡು ಹೋಗಿ.

ಹಂತ 1: ಸುಮ್ನೆ ನಿಂತು ನೋಡಿ

ಟೇಪು ಬಿಚ್ಚುವ ಮುಂಚೆ ಕನಿಷ್ಠ ನಾಲ್ಕು ಸಲ, ಒಂದೊಂದು ಗಂಟೆ ನಿಂತು ನೋಡಿ. ಬೆಳಗಿನ ದಟ್ಟಣೆ, ಶಾಲೆ ಬಿಡುವ ಹೊತ್ತು, ಮಧ್ಯಾಹ್ನದ ಖಾಲಿ ಹೊತ್ತು, ರಾತ್ರಿ. ಸಾಧ್ಯವಾದರೆ ಮಳೆಯಲ್ಲೂ ಒಮ್ಮೆ. ಮಧ್ಯಾಹ್ನ ಯಾಕೆ ಅಂದರೆ, ರಸ್ತೆ ಖಾಲಿ ಇದ್ದಾಗ ಮಾತ್ರ ವಾಹನಗಳ ನಿಜವಾದ ವೇಗ ಗೊತ್ತಾಗುತ್ತದೆ. ದಟ್ಟಣೆಯಲ್ಲಿ ಎಲ್ಲರೂ ನಿಧಾನವೇ.

ನಾಲ್ಕು ರಸ್ತೆ ಕೂಡುವ ಸಾಮಾನ್ಯ ಜಂಕ್ಷನ್‌ನಲ್ಲಿ ವಾಹನಗಳ ದಾರಿ ಒಂದಕ್ಕೊಂದು ತಾಗುವ 32 ಬಿಂದುಗಳಿವೆ. ನಡೆಯುವವರ ದಾರಿಯೂ ವಾಹನದ ದಾರಿಯೂ ತಾಗುವ 24 ಬಿಂದುಗಳು ಬೇರೆ. ಎಲ್ಲವೂ ಒಂದೇ ಸಮ ಅಪಾಯ ಅಲ್ಲ. ನಿಮ್ಮ ಜಂಕ್ಷನ್‌ನಲ್ಲಿ ನಿಜವಾಗಿ ಕಾಡುವುದು ಮೂರೋ ನಾಲ್ಕೋ ಇರುತ್ತವೆ. ಅವನ್ನು ಹುಡುಕುವುದೇ ಈ ಹಂತದ ಕೆಲಸ.

ಇದಕ್ಕೆ ಅಪಘಾತದ ದಾಖಲೆ ಮಾತ್ರ ನೆಚ್ಚಿಕೊಂಡರೆ ಸಾಲದು. ಕೂದಲೆಳೆಯಲ್ಲಿ ತಪ್ಪಿದ್ದು ಯಾವ ದಾಖಲೆಗೂ ಬರುವುದಿಲ್ಲ. ಒಬ್ಬರು ದಾಟಿ ಹೋದ ಜಾಗಕ್ಕೆ ವಾಹನ ಎಷ್ಟು ಹೊತ್ತಿನ ಮೇಲೆ ಬಂತು ಅಂತ ನೋಡಿ. ಒಂದೂವರೆ ಸೆಕೆಂಡಿಗಿಂತ ಕಮ್ಮಿ ಇದ್ದರೆ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡಿ. ಯಾರಾದರೂ ಓಡಿದರೆ, ಹಿಂದೆ ಸರಿದರೆ, ಮಗುವಿನ ಕೈ ಎಳೆದುಕೊಂಡರೆ ಅದಕ್ಕೂ ಚುಕ್ಕೆ. ನಾಲ್ಕು ಗಂಟೆ ಮುಗಿಯುವಷ್ಟರಲ್ಲಿ ಚುಕ್ಕೆಗಳು ಎಲ್ಲಿ ಗುಂಪುಗೂಡಿವೆ ಅಂತ ಕಣ್ಣಿಗೇ ಕಾಣುತ್ತದೆ.

ನೆಲವೂ ತುಂಬ ಹೇಳುತ್ತದೆ. ಕರ್ಬ್ (ಫುಟ್‌ಪಾತ್ ಅಂಚಿನ) ಕಲ್ಲಿನ ಮೇಲೆ ಟೈರಿನ ಕಪ್ಪು ಗುರುತು, ಮೂಲೆಯಲ್ಲಿ ಗಾಜಿನ ಚೂರು, ಡಿವೈಡರ್‌ನಲ್ಲಿ ಜನ ಬಗ್ಗಿಸಿ ಮಾಡಿಕೊಂಡ ಸಂದಿ, ಹುಲ್ಲಿನ ನಡುವೆ ಬಿದ್ದ ಕಾಲುದಾರಿ. ಆ ಕಾಲುದಾರಿಯನ್ನು ತಪ್ಪು ಅಂತ ಬೇಲಿ ಹಾಕಿ ಮುಚ್ಚಲು ಹೋಗಬೇಡಿ. ಜನರಿಗೆ ಎಲ್ಲಿ ದಾಟಬೇಕಾಗಿದೆ ಅಂತ ಅವರೇ ಗೆರೆ ಎಳೆದು ಕೊಟ್ಟಿದ್ದಾರೆ. ಆ ಗೆರೆಯನ್ನು ಹಾಗೇ ನಿಮ್ಮ ನಕ್ಷೆಗೆ ಇಳಿಸಿಕೊಳ್ಳಿ.

ಹಂತ 2: ಅಳೆಯಿರಿ, ಎಣಿಸಿ

ನಾಲ್ಕು ಕಡೆಯಿಂದ ಬರುವ ವಾಹನಗಳು ನೇರ, ಎಡ, ಬಲ ಅಂತ ಮೂರು ದಾರಿ ಹಿಡಿಯುತ್ತವೆ. ಒಟ್ಟು 12 ಚಲನೆ. ಪ್ರತಿಯೊಂದನ್ನೂ 15 ನಿಮಿಷಕ್ಕೊಂದು ಸಲದಂತೆ ಬೇರೆಬೇರೆ ಬರೆದುಕೊಳ್ಳಿ. ಬರೀ ಗಂಟೆಯ ಮೊತ್ತ ಬರೆದರೆ, ಆ ಗಂಟೆಯ ಒಂದೇ ಕಾಲುಭಾಗದಲ್ಲಿ ಎಲ್ಲ ನುಗ್ಗಿದ್ದು ಗೊತ್ತಾಗುವುದಿಲ್ಲ. ಬಸ್ಸು, ಲಾರಿ, ಕಾರು, ಬೈಕು, ಸೈಕಲ್‌ಗೆ ಬೇರೆ ಬೇರೆ ಕಾಲಂ ಇರಲಿ.

ನಡೆಯುವವರನ್ನೂ ಅಷ್ಟೇ ಶ್ರದ್ಧೆಯಿಂದ ಎಣಿಸಿ. ನಾಲ್ಕೂ ದಾಟುವ ಜಾಗದಲ್ಲಿ, ಎರಡೂ ದಿಕ್ಕಿನಲ್ಲಿ. ಪಟ್ಟೆಯಿಂದ ಹೊರಗೆ ದಾಟಿದವರನ್ನು ಪ್ರತ್ಯೇಕ ಬರೆಯಿರಿ. ಕೊನೆಯಲ್ಲಿ ವಾಹನದ ಲೆಕ್ಕವನ್ನು ಜನರ ಲೆಕ್ಕಕ್ಕೆ ತನ್ನಿ. 50 ಜನರಿರುವ ಒಂದು ಬಸ್ಸು ನಕ್ಷೆಯಲ್ಲಿ ಒಂದು ವಾಹನ ಅಂತ ಕೂತರೆ ಯಾರಿಗೆ ಎಷ್ಟು ಜಾಗ ಅನ್ನುವ ತೀರ್ಮಾನವೇ ಅಡ್ಡದಾರಿ ಹಿಡಿಯುತ್ತದೆ.

ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಎಣಿಕೆಯಲ್ಲಿ ಸೈಕಲ್ ಕಮ್ಮಿ ಬಂತು, ಹಾಗಾಗಿ ಸೈಕಲ್ ದಾರಿ ಬೇಡ ಅನ್ನುವುದು. ಹೆದರಿ ಬರದೇ ಇರುವವರು ಎಣಿಕೆಗೆ ಸಿಗುವುದಿಲ್ಲ. ಸುತ್ತಲಿನ ಶಾಲೆ, ಕಚೇರಿಗಳಲ್ಲಿ ನಿಂತಿರುವ ಸೈಕಲ್ ನೋಡಿ, ಅವರು ಯಾವ ಸುತ್ತುದಾರಿಯಿಂದ ಬರುತ್ತಾರೆ ಅಂತ ವಿಚಾರಿಸಿ. ವಯಸ್ಸಾದವರ ವಿಷಯದಲ್ಲೂ ಇದೇ ಮಾತು.

ಕಂಬ, ಮರ, ಮ್ಯಾನ್‌ಹೋಲ್, ಚರಂಡಿ ಬಾಯಿ, ಕೇಬಲ್ ಪೆಟ್ಟಿಗೆ ಎಲ್ಲವನ್ನೂ ನಕ್ಷೆಗೆ ಹಾಕಿ. ನೆಲದ ಇಳಿಜಾರು ಯಾವ ಕಡೆಗೆ ಅಂತ ಬಾಣ ಗುರುತು ಹಾಕಿ. ಈಗ ಬೇಸರದ ಕೆಲಸ ಅನ್ನಿಸುತ್ತದೆ. ಆದರೆ ಕಟ್ಟುವ ಹೊತ್ತಿಗೆ ರ‍್ಯಾಂಪ್‌ನ ನಡುವೆಯೇ ವಿದ್ಯುತ್ ಕಂಬ ನಿಂತಿರುವುದು ಕಾಣುವುದಕ್ಕಿಂತ ಇದು ವಾಸಿ.

ಹಂತ 3: ಮೊದಲು ನಡೆಯುವವರ ದಾರಿ ಎಳೆಯಿರಿ

ಖಾಲಿ ನಕ್ಷೆ ತೆಗೆದುಕೊಂಡು ಮೊದಲ ಗೆರೆಯಾಗಿ ನಾಲ್ಕೂ ಕಡೆ ದಾಟುವ ಪಟ್ಟಿ ಎಳೆಯಿರಿ. ಫುಟ್‌ಪಾತ್ ಯಾವ ನೇರದಲ್ಲಿ ಬರುತ್ತದೋ ಪಟ್ಟಿಯೂ ಅದೇ ನೇರದಲ್ಲಿರಲಿ. ವಾಹನಕ್ಕೆ ಅನುಕೂಲ ಅಂತ 15, 20 ಮೀಟರ್ ಒಳಕ್ಕೆ ತಳ್ಳಿದರೆ ಯಾರೂ ಅಲ್ಲಿಗೆ ಹೋಗಿ ದಾಟುವುದಿಲ್ಲ. ಪಟ್ಟಿಯ ಅಗಲ ಕನಿಷ್ಠ 3 ಮೀಟರ್. ಜನ ಜಾಸ್ತಿ ಇದ್ದರೆ ಇನ್ನೂ ಅಗಲ.

ನಾಲ್ಕರಲ್ಲಿ ಒಂದು ಬದಿಯನ್ನು ಕೈಬಿಡುವ ಆಸೆ ಬರುತ್ತದೆ. ಬಿಡಬೇಡಿ. ಒಂದು ಬದಿ ಮುಚ್ಚಿದರೆ ಆ ಬದಿಯಲ್ಲಿ ಒಂದೇ ಸಲ ದಾಟಬೇಕಾದವರು ಮೂರು ಸಲ ದಾಟಬೇಕು. ಮೂರು ಸಲ ಕಾಯುವವರು ಎಷ್ಟು ಜನ ಹೇಳಿ? ಮುಚ್ಚಿದ ಜಾಗದಲ್ಲೇ ಓಡಿ ದಾಟುತ್ತಾರೆ.

ಈಗ ದಾಟುವ ದೂರ ಕಮ್ಮಿ ಮಾಡಿ. ಸಿಗ್ನಲ್ ಲೆಕ್ಕದಲ್ಲಿ ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಹಿಡಿಯುವ ರೂಢಿ ಇದೆ. ಕೋಲೂರಿ ನಡೆಯುವವರಿಗೆ, ಮಗು ಎತ್ತಿಕೊಂಡವರಿಗೆ ಅದು ಓಟ. ನಾನು 0.9 ಹಿಡಿಯುತ್ತೇನೆ. ಆ ವೇಗದಲ್ಲಿ 14 ಮೀಟರ್ ರಸ್ತೆ ದಾಟಲು ಸುಮಾರು 16 ಸೆಕೆಂಡ್ ಬೇಕು. ರಸ್ತೆಯ ಎರಡೂ ಬದಿ ವಾಹನ ನಿಲ್ಲಿಸುವ ಪಟ್ಟಿ ಇದ್ದರೆ, ಮೂಲೆಯಲ್ಲಿ ಅಷ್ಟು ಜಾಗಕ್ಕೆ ಫುಟ್‌ಪಾತನ್ನೇ ಮುಂದಕ್ಕೆ ಚಾಚಿ. ಬದಿಗೆ 2 ಮೀಟರ್ ಚಾಚಿದರೂ 14 ಮೀಟರ್ ಇದ್ದದ್ದು 10 ಆಗುತ್ತದೆ, ಸಮಯ 11 ಸೆಕೆಂಡಿಗೆ ಇಳಿಯುತ್ತದೆ. ಅಲ್ಲಿ ವಾಹನ ಹೇಗೂ ಓಡುತ್ತಿರಲಿಲ್ಲ, ಬರೀ ನಿಂತಿರುತ್ತಿತ್ತು. ಈ ನಾಲ್ಕು ಮೀಟರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರಸ್ತೆ ಇನ್ನೂ ಅಗಲ ಇದ್ದರೆ ನಡುವೆ ನಿಲ್ಲುವ ದ್ವೀಪ ಬೇಕು. ಅಗಲ 2 ಮೀಟರಿಗೆ ಕಮ್ಮಿ ಬೇಡ. ಒಂದು ಸೈಕಲ್ ಅಡ್ಡ ನಿಂತರೆ, ಅಥವಾ ಮಗುವಿನ ತಳ್ಳುಗಾಡಿ ಹಿಡಿದು ತಾಯಿ ನಿಂತರೆ, ಅಷ್ಟು ಜಾಗ ಬೇಕೇ ಬೇಕು. ದ್ವೀಪದ ನಡುವಿನ ದಾರಿ ರಸ್ತೆಯ ಮಟ್ಟದಲ್ಲೇ ಇರಲಿ.

ರ‍್ಯಾಂಪ್ ವಿಷಯದಲ್ಲಿ ಮೂರು ನಿಯಮ. ಇಳಿಜಾರು 1:12, ಅಂದರೆ 15 ಸೆಂ.ಮೀ. ಎತ್ತರದ ಕರ್ಬ್‌ಗೆ 1.8 ಮೀಟರ್ ಉದ್ದದ ರ‍್ಯಾಂಪ್. ಒಂದು ಮೂಲೆಗೆ ಎರಡು ರ‍್ಯಾಂಪ್, ದಾಟುವ ದಿಕ್ಕಿಗೊಂದು. ಮೂಲೆಯ ತುದಿಯಲ್ಲಿ ಓರೆಯಾಗಿ ಒಂದೇ ರ‍್ಯಾಂಪ್ ಇಟ್ಟರೆ ಅದು ಕಣ್ಣು ಕಾಣದವರನ್ನು ಸೀದಾ ಜಂಕ್ಷನ್‌ನ ನಡುಮಧ್ಯಕ್ಕೆ ಕರೆದೊಯ್ಯುತ್ತದೆ. ಮೂರನೆಯದು, ರ‍್ಯಾಂಪ್ ರಸ್ತೆಗೆ ಸೇರುವಲ್ಲಿ ಚುಕ್ಕೆ ಉಬ್ಬಿದ ಹಾಸುಗಲ್ಲು ಇರಲೇಬೇಕು. ಉದ್ದ ಗೆರೆ ಉಬ್ಬಿದ ಕಲ್ಲು ದಾರಿ ತೋರಿಸಲು, ಚುಕ್ಕೆ ಉಬ್ಬಿದ ಕಲ್ಲು 'ಇಲ್ಲಿ ನಿಲ್ಲಿ' ಅನ್ನಲು. ಇವೆರಡನ್ನು ಅಂದಕ್ಕೆ ಅಂತ ಅದಲುಬದಲಾಗಿ ಹಾಕಿರುವುದನ್ನು ನೋಡಿದ್ದೇನೆ. ಕೋಲಿನಿಂದ ಓದುವವರಿಗೆ ಅದು ತಪ್ಪು ದಾರಿ ತೋರಿಸುವ ಬೋರ್ಡು.

ದೊಡ್ಡ ರಸ್ತೆಗೆ ಚಿಕ್ಕ ಅಡ್ಡರಸ್ತೆ ಸೇರುವ ಜಾಗವಾದರೆ ಫುಟ್‌ಪಾತನ್ನು ಇಳಿಸಲೇ ಬೇಡಿ. ಪಟ್ಟಿಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ, ವಾಹನವೇ ಹತ್ತಿ ಇಳಿಯಲಿ. ತಿರುಗುವವರು ತಾವಾಗಿ ನಿಧಾನ ಮಾಡುತ್ತಾರೆ.

ಹಂತ 4: ಮೂಲೆ

ಇಡೀ ಕೆಲಸದಲ್ಲಿ ಒಂದೇ ಒಂದು ವಿಷಯಕ್ಕೆ ಸಮಯ ಕೊಡಲು ಸಾಧ್ಯ ಅಂದರೆ ಇದಕ್ಕೆ ಕೊಡಿ. ಮೂಲೆಯ ದುಂಡು ಎಷ್ಟು ದೊಡ್ಡದೋ ತಿರುಗುವ ವೇಗ ಅಷ್ಟು ಜಾಸ್ತಿ. ಟೈರಿನ ಹಿಡಿತದ ಗುಣಾಂಕ 0.35 ಅಂತ ಹಿಡಿದರೆ, 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ವಾಹನ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ತಿರುಗುತ್ತದೆ. 10 ಮೀಟರ್ ಆದರೆ 21, 15 ಮೀಟರ್ ಆದರೆ 26. ಎಡಕ್ಕೆ ತಿರುಗುವ ಚಾಲಕರ ಕಣ್ಣು ಬಲಗಡೆಯಿಂದ ಬರುವ ವಾಹನದ ಮೇಲಿರುತ್ತದೆ, ದಾಟುವವರು ಎಡಗಡೆ ಇರುತ್ತಾರೆ. ಆ ಹೊತ್ತಲ್ಲಿ 15ಕ್ಕೂ 26ಕ್ಕೂ ಇರುವ ವ್ಯತ್ಯಾಸ ಒಬ್ಬರ ಕಾಲು ಉಳಿಯುವ ವಿಷಯ.

ಕರ್ಬ್‌ನ ತ್ರಿಜ್ಯವೂ ವಾಹನ ನಿಜವಾಗಿ ಹಿಡಿಯುವ ತ್ರಿಜ್ಯವೂ ಒಂದೇ ಅಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ. ಕರ್ಬ್ ಪಕ್ಕ ಖಾಲಿ ಪಟ್ಟಿ ಇದ್ದರೆ ಚಾಲಕರು ಅದನ್ನೂ ಸೇರಿಸಿಕೊಂಡು ದೊಡ್ಡ ಕಮಾನಿನಲ್ಲಿ ತಿರುಗುತ್ತಾರೆ. ಹಾಗಾಗಿ ನಕ್ಷೆಯಲ್ಲಿ ಕರ್ಬ್ ನೋಡಬೇಡಿ, ಗಾಲಿ ಓಡುವ ದಾರಿ ಎಳೆದು ಅಳೆಯಿರಿ.

"ಬಸ್ಸು, ಅಗ್ನಿಶಾಮಕ ವಾಹನ ತಿರುಗಬೇಡವೇ?" ಅಂತ ಖಂಡಿತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 12 ಮೀಟರ್ ಬಸ್ಸಿನ ಹೊರಮೂಲೆಗೆ ಸುಮಾರು 12.5 ಮೀಟರ್ ತ್ರಿಜ್ಯದ ಜಾಗ ಬೇಕು. ಆದರೆ ಅಷ್ಟು ಜಾಗ ಕರ್ಬ್‌ನಲ್ಲೇ ಸಿಗಬೇಕಿಲ್ಲ. ಮೂರು ದಾರಿ ಇವೆ. ಒಂದು, ಬಸ್ಸು ಸೇರುವ ರಸ್ತೆಯ ಸ್ಟಾಪ್ ಲೈನನ್ನು ನಾಲ್ಕೈದು ಮೀಟರ್ ಹಿಂದಕ್ಕೆ ಸರಿಸಿ. ಆಗ ಬಸ್ಸು ಎದುರು ಲೇನಿನ ಖಾಲಿ ಜಾಗ ಬಳಸಿ ತಿರುಗುತ್ತದೆ. ಎರಡು, ದಿನಕ್ಕೊಂದೋ ಎರಡೋ ಬರುವ ದೊಡ್ಡ ಲಾರಿಗೆ ಎರಡು ಲೇನ್ ಬಳಸಿ ತಿರುಗಲು ಬಿಡಿ. ಮೂರು, ಮೂಲೆಯ ಹೊರಭಾಗದಲ್ಲಿ ಒರಟು ಕಲ್ಲಿನ ತಗ್ಗು ಅಂಚು ಕಟ್ಟಿ. ಕಾರು ಅದನ್ನು ತಪ್ಪಿಸಿ ನಿಧಾನ ತಿರುಗುತ್ತದೆ, ಬಸ್ಸಿನ ಹಿಂಗಾಲಿ ಅದರ ಮೇಲೆ ಹತ್ತಿ ಹೋಗುತ್ತದೆ. ಆ ಅಂಚು ಫುಟ್‌ಪಾತ್ ಥರ ಕಾಣಬಾರದು, ಇಲ್ಲದಿದ್ದರೆ ಜನ ಅದರ ಮೇಲೆ ನಿಲ್ಲುತ್ತಾರೆ. ಬಣ್ಣವೂ ಬೇರೆ ಇರಲಿ, ಚುಕ್ಕೆ ಕಲ್ಲು ಅದರ ಹಿಂದೆ ಇರಲಿ.

ಒಪ್ಪದವರಿಗೆ ಮಾತಿಗಿಂತ ತೋರಿಸುವುದು ಮೇಲು. ಬೆಳಗಿನ ಜಾವ ರಸ್ತೆ ಖಾಲಿ ಇರುವಾಗ, ಅನುಮತಿ ಪಡೆದು, ಹೊಸ ಕರ್ಬ್‌ನ ಗೆರೆಯನ್ನು ಸುಣ್ಣದ ಪುಡಿಯಲ್ಲಿ ಎಳೆಯಿರಿ. ಕೋನ್ ಇಡಿ. ನಿಜವಾದ ಬಸ್ಸನ್ನೇ ತಂದು ತಿರುಗಿಸಿ. ಒಂದು ಕೋನ್ ಬಿದ್ದರೆ ಅದನ್ನು ಅರ್ಧ ಮೀಟರ್ ಸರಿಸಿ, ಮತ್ತೆ ತಿರುಗಿಸಿ. ಅರ್ಧ ಗಂಟೆಯಲ್ಲಿ ವಾದ ಮುಗಿಯುತ್ತದೆ.

ಫ್ರೀ ಲೆಫ್ಟ್ (ಸಿಗ್ನಲ್‌ಗೆ ಕಾಯದೆ ಎಡಕ್ಕೆ ತಿರುಗುವ ದಾರಿ) ಇದ್ದರೆ ತೆಗೆದುಹಾಕಿ. ಅಲ್ಲಿ ವಾಹನ ನಿಲ್ಲುವುದೇ ಇಲ್ಲ, ನಡೆಯುವವರಿಗೆ ಸರದಿಯೇ ಬರುವುದಿಲ್ಲ. ತೆಗೆಯಲು ಆಗದೇ ಹೋದರೆ ಅದನ್ನು ಒಂದೇ ಲೇನಿಗೆ ಇಳಿಸಿ, ಮುಖ್ಯರಸ್ತೆಗೆ ಹೆಚ್ಚೂಕಮ್ಮಿ ಅಡ್ಡವಾಗಿ ಸೇರುವಂತೆ ತಿರುಗಿಸಿ, ದಾಟುವ ಪಟ್ಟಿಯನ್ನು ಎತ್ತರಿಸಿ.

ಮೂಲೆಯಲ್ಲಿ ಕೊನೆಯ ಕೆಲಸ ನೋಟ ತೆರೆಯುವುದು. ದಾಟುವ ಪಟ್ಟಿಗೆ ಮುಂಚಿನ ಕನಿಷ್ಠ 6 ಮೀಟರ್‌ನಲ್ಲಿ ಕಾರು ನಿಲ್ಲಬಾರದು. ಬೋರ್ಡು ಹಾಕಿ ಸುಮ್ಮನಾದರೆ ಮಾರನೇ ದಿನವೇ ಅಲ್ಲಿ ಕಾರು ನಿಂತಿರುತ್ತದೆ. ಜಾಗವನ್ನು ಬೇರೆಯದಕ್ಕೆ ಬಳಸಿ: ಸೈಕಲ್ ಸ್ಟ್ಯಾಂಡ್, ತಗ್ಗು ಗಿಡ, ಕೂರುವ ಕಲ್ಲು. ಗಿಡವಾಗಲಿ ಕಲ್ಲಾಗಲಿ ಎತ್ತರ 60 ಸೆಂ.ಮೀ. ದಾಟದಿರಲಿ. ನಕ್ಷೆ ಮೆಚ್ಚುವ ಮುಂಚೆ ಒಮ್ಮೆ ಅಲ್ಲಿ ಮಂಡಿಯೂರಿ ಕೂತು ನೋಡಿ. ಚಿಕ್ಕ ಮಗುವಿನ ಕಣ್ಣಿಗೆ ಏನು ಕಾಣುತ್ತದೆ ಅಂತ ತಿಳಿಯುತ್ತದೆ.

ಹಂತ 5: ಸೈಕಲ್ ದಾರಿಯನ್ನು ನಡುವೆ ಕೈಬಿಡಬೇಡಿ

ಎಷ್ಟೋ ರಸ್ತೆಗಳಲ್ಲಿ ಸೈಕಲ್ ಪಟ್ಟಿ ಜಂಕ್ಷನ್‌ಗೆ 30 ಮೀಟರ್ ಇರುವಾಗ ಮಾಯವಾಗಿ, ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಅಪಾಯ ಇರುವುದೇ ಆ ನಡುವಿನ ಜಾಗದಲ್ಲಿ.

ವಾಹನಗಳ ವೇಗ ನಿಜವಾಗಿಯೂ 30 ಕಿ.ಮೀ. ಒಳಗಿದ್ದು, ವಾಹನ ಕಮ್ಮಿ ಇದ್ದರೆ ಸೈಕಲ್ ಎಲ್ಲರ ಜೊತೆ ಹೋಗಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ದಾರಿ ಬೇಕು. ಒಮ್ಮುಖ ದಾರಿಗೆ 2 ಮೀಟರ್ ಅಗಲ ಒಳ್ಳೆಯದು, 1.5ಕ್ಕಿಂತ ಕಮ್ಮಿ ಬೇಡ.

ನೆದರ್‌ಲೆಂಡ್ಸ್‌ನಲ್ಲಿ ರೂಢಿಯಲ್ಲಿರುವ ಜಂಕ್ಷನ್ ಮಾದರಿ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೈಕಲ್ ದಾರಿ ಜಂಕ್ಷನ್ ಹತ್ತಿರ ಬಂದಂತೆ ಸ್ವಲ್ಪ ಹೊರಗೆ ಬಾಗುತ್ತದೆ. ಮೂಲೆಯಲ್ಲಿ ಒಂದು ಚಿಕ್ಕ ದ್ವೀಪ ಸೈಕಲ್‌ಗೂ ವಾಹನಕ್ಕೂ ನಡುವೆ ನಿಲ್ಲುತ್ತದೆ. ಸೈಕಲ್ ಅಡ್ಡರಸ್ತೆ ದಾಟುವ ಜಾಗ ವಾಹನದ ಲೇನಿನಿಂದ ಸುಮಾರು 5 ಮೀಟರ್, ಅಂದರೆ ಒಂದು ಕಾರಿನ ಉದ್ದ, ದೂರ ಇರುತ್ತದೆ. ಎಡಕ್ಕೆ ತಿರುಗುವ ಕಾರು ಪೂರ್ತಿ ತಿರುಗಿ, ಸೈಕಲ್‌ಗೆ ಎದುರಾಗಿ ಬಂದು ನಿಲ್ಲುತ್ತದೆ. ಆಗ ಸವಾರರು ಚಾಲಕರಿಗೆ ಕಿಟಕಿಯಲ್ಲಿ ನೇರ ಕಾಣುತ್ತಾರೆ, ಕನ್ನಡಿಯಲ್ಲಿ ಹುಡುಕಬೇಕಿಲ್ಲ. ಬಲಕ್ಕೆ ಹೋಗುವ ಸೈಕಲ್ ಎರಡು ಸಲ ನೇರ ದಾಟಿ ತಿರುಗುತ್ತದೆ, ವಾಹನದ ನಡುವೆ ನುಗ್ಗಬೇಕಿಲ್ಲ.

ಜಾಗ ಇಲ್ಲ ಅಂತ ಸ್ಟಾಪ್ ಲೈನ್ ಮುಂದೆ ಸೈಕಲ್‌ಗೊಂದು ಬಣ್ಣದ ಚೌಕ ಬರೆದು ಮುಗಿಸುವವರಿದ್ದಾರೆ. ಕೆಂಪು ದೀಪ ಇದ್ದಾಗ ಅದು ಪರವಾಗಿಲ್ಲ. ಹಸಿರು ಬಂದ ಕ್ಷಣದಲ್ಲಿ ಬಂದು ಸೇರುವ ಸೈಕಲ್‌ಗೆ ಅದು ಏನೂ ಮಾಡುವುದಿಲ್ಲ. ಲಾರಿಯ ಎಡಪಕ್ಕ ಚಾಲಕರಿಗೆ ಕಾಣದ ಜಾಗ. ಅಲ್ಲಿಗೇ ಕರೆದೊಯ್ಯುವ ಕಿರುಪಟ್ಟಿ ಬರೆಯುವುದಕ್ಕಿಂತ ಬರೆಯದೇ ಇರುವುದು ಮೇಲು.

ಎರಡು ಎಚ್ಚರಿಕೆ. ಮೂಲೆಯಲ್ಲಿ ಕಾಯುವ ಜನರೂ ಸೈಕಲ್‌ಗಳೂ ಒಂದೇ ಜಾಗದಲ್ಲಿ ಸೇರದಂತೆ ಎತ್ತರದಲ್ಲೋ ಹಾಸಿನಲ್ಲೋ ವ್ಯತ್ಯಾಸ ಇಡಿ. ಮತ್ತು ಸೈಕಲ್ ತಿರುಗುವ ಜಾಗದಲ್ಲಿ ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳವಾಗಲಿ ನುಣುಪು ಬಣ್ಣವಾಗಲಿ ಬೇಡ. ಒದ್ದೆಯಾದರೆ ಎರಡು ಗಾಲಿಯವರೆಲ್ಲ ಜಾರುತ್ತಾರೆ.

ಹಂತ 6: ಈಗ ವಾಹನಗಳ ಲೇನ್

ಚಾಲಕರಿಗೆ ಬೇಕಾಗಿರುವುದು ಅಗಲಕ್ಕಿಂತ ಹೆಚ್ಚಾಗಿ ಸ್ಪಷ್ಟತೆ. ಯಾವ ಲೇನ್ ಎಲ್ಲಿಗೆ ಅಂತ ಕನಿಷ್ಠ 50 ಮೀಟರ್ ಮುಂಚೆ ನೆಲದ ಮೇಲಿನ ಬಾಣ ಹೇಳಬೇಕು. ನೇರ ಹೋಗುವ ಲೇನ್ ಎರಡಿದ್ದರೆ ಆಚೆ ಬದಿಯಲ್ಲೂ ಎರಡಿರಬೇಕು. ಎರಡು ಹೋಗಿ ಒಂದಕ್ಕೆ ಸೇರಿದರೆ ಜಂಕ್ಷನ್‌ನ ಒಳಗೇ ತಳ್ಳಾಟ ಶುರುವಾಗುತ್ತದೆ.

ಲೇನ್ ಅಗಲ 3ರಿಂದ 3.3 ಮೀಟರ್ ಸಾಕು. ಹೆದ್ದಾರಿಯ 3.5 ಮೀಟರ್ ಪೇಟೆಯೊಳಗೆ ತಂದರೆ ವೇಗ ಏರುತ್ತದೆ. ಒಣ ರಸ್ತೆಯಲ್ಲಿ, ಚಾಲಕರು ಎಚ್ಚೆತ್ತುಕೊಳ್ಳಲು ಒಂದೂವರೆ ಸೆಕೆಂಡ್ ಹಿಡಿದು ಲೆಕ್ಕ ಹಾಕಿದರೆ, 30 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 18 ಮೀಟರ್ ಬೇಕು. 50 ಕಿ.ಮೀ. ಆದರೆ ಸುಮಾರು 36, ಹೆಚ್ಚೂಕಮ್ಮಿ ಎರಡರಷ್ಟು.

ಬಲತಿರುವಿನ ಲೇನ್ ಎಷ್ಟು ಉದ್ದ ಬೇಕು ಅನ್ನುವುದಕ್ಕೆ ಸರಳ ಲೆಕ್ಕ: ಗಂಟೆಗೆ 120 ಕಾರು ಬಲಕ್ಕೆ ತಿರುಗುತ್ತವೆ, ಸಿಗ್ನಲ್ ಸುತ್ತು (ಎಲ್ಲ ದಿಕ್ಕಿಗೂ ಒಮ್ಮೆ ಹಸಿರು ಬಂದು ಮುಗಿಯುವ ಸಮಯ) 90 ಸೆಕೆಂಡ್ ಅಂದುಕೊಳ್ಳಿ. ಗಂಟೆಗೆ 40 ಸುತ್ತು, ಸುತ್ತಿಗೆ ಸರಾಸರಿ 3 ಕಾರು. ಸರಾಸರಿಯ ಎರಡರಷ್ಟಕ್ಕೆ ಜಾಗ ಬಿಡಿ. ಕಾರಿಗೆ 6 ಮೀಟರ್‌ನಂತೆ 36 ಮೀಟರ್. ಕಮ್ಮಿ ಬಿಟ್ಟರೆ ಬಲಕ್ಕೆ ಹೋಗುವ ಕೊನೆಯ ಕಾರು ನೇರ ಹೋಗುವವರನ್ನೆಲ್ಲ ತಡೆದು ನಿಲ್ಲುತ್ತದೆ.

ಸ್ಟಾಪ್ ಲೈನ್ ದಾಟುವ ಪಟ್ಟಿಗಿಂತ 2ರಿಂದ 3 ಮೀಟರ್ ಹಿಂದಿರಲಿ. ಬಸ್ ನಿಲ್ದಾಣ ಜಂಕ್ಷನ್ ದಾಟಿದ ಮೇಲೆ ಇರಲಿ. ಮುಂಚೆ ಇದ್ದರೆ ಇಳಿದವರು ಬಸ್ಸಿನ ಮುಂದೆಯೇ ದಾಟುತ್ತಾರೆ, ಪಕ್ಕದ ಲೇನಿನವರಿಗೆ ಅವರು ಕಾಣುವುದೇ ಇಲ್ಲ.

ಸಿಗ್ನಲ್ ಬೇಕೇ ಬೇಕಾ ಅಂತ ಇಲ್ಲಿ ಒಮ್ಮೆ ನಿಂತು ಯೋಚಿಸಿ. ದಟ್ಟಣೆ ಮಧ್ಯಮ ಇದ್ದರೆ ಒಂದೇ ಲೇನಿನ ಚಿಕ್ಕ ವೃತ್ತ ಸಾಕಾಗಬಹುದು. ಅಲ್ಲಿ ವಾಹನಗಳು ತಾಗುವ ಬಿಂದು 32ರಿಂದ 8ಕ್ಕೆ ಇಳಿಯುತ್ತದೆ. ಆದರೆ ಎರಡು ಮೂರು ಲೇನಿನ ದೊಡ್ಡ ವೃತ್ತಕ್ಕೆ ಈ ಮಾತು ಹೊಂದುವುದಿಲ್ಲ. ನಡೆಯುವವರಿಗೂ ಸೈಕಲ್‌ಗೂ ಅದು ಕಷ್ಟದ ಜಾಗ.

ಹಂತ 7: ಸಿಗ್ನಲ್ ಲೆಕ್ಕ

ಒಂದು ಉದಾಹರಣೆ ಹಿಡಿದು ಹೋಗೋಣ. ಲೇನ್ ಎಷ್ಟು ವಾಹನ ಬಿಡಬಲ್ಲದು, ನಿಜವಾಗಿ ಎಷ್ಟು ಬರುತ್ತಿವೆ ಅನ್ನುವ ಅನುಪಾತ ಮೊದಲು ಬೇಕು. ನಿರಂತರ ಹಸಿರು ಇದ್ದರೆ ಒಂದು ಲೇನ್ ಗಂಟೆಗೆ ಸುಮಾರು 1,800 ಕಾರು ಬಿಡುತ್ತದೆ. ಮುಖ್ಯರಸ್ತೆಯ ಲೇನಿನಲ್ಲಿ 630 ಬಂದರೆ ಅನುಪಾತ 0.35. ಅಡ್ಡರಸ್ತೆಯಲ್ಲಿ 360 ಬಂದರೆ 0.20. ಒಟ್ಟು 0.55.

1958ರಿಂದ ಬಳಕೆಯಲ್ಲಿರುವ ವೆಬ್‌ಸ್ಟರ್ ಸೂತ್ರ ಸುತ್ತು ಎಷ್ಟು ಸೆಕೆಂಡ್ ಇರಬೇಕು ಅಂತ ಹೇಳುತ್ತದೆ. ಅದು ಹೀಗೆ: ಸುತ್ತಿನಲ್ಲಿ ಹಸಿರು ಬದಲಾಗುವಾಗ ವ್ಯರ್ಥವಾಗುವ ಸಮಯವನ್ನು ಒಂದೂವರೆಯಿಂದ ಗುಣಿಸಿ, 5 ಕೂಡಿ, ಬಂದದ್ದನ್ನು 1ರಿಂದ ಆ ಒಟ್ಟು ಅನುಪಾತ ಕಳೆದ ಸಂಖ್ಯೆಯಿಂದ ಭಾಗಿಸಿ. ಎರಡು ಸರದಿ (ಮುಖ್ಯರಸ್ತೆಯ ಹಸಿರು, ಅಡ್ಡರಸ್ತೆಯ ಹಸಿರು), ಸರದಿಗೆ 4 ಸೆಕೆಂಡ್ ವ್ಯರ್ಥ ಅಂದರೆ ಒಟ್ಟು 8. ಹಾಗಾಗಿ 17ನ್ನು 0.45ರಿಂದ ಭಾಗಿಸಬೇಕು. ಸುಮಾರು 38 ಸೆಕೆಂಡ್ ಸುತ್ತು. ಅಡ್ಡರಸ್ತೆಗೆ ಸಿಗುವ ಹಸಿರು ಸುಮಾರು 11.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅಡ್ಡರಸ್ತೆಗೆ ಹಸಿರು ಇರುವಾಗಲೇ ಅಲ್ವಾ ಜನ ಮುಖ್ಯರಸ್ತೆ ದಾಟುವುದು? ಹೆಜ್ಜೆ ಇಡಲು 7 ಸೆಕೆಂಡ್, 14 ಮೀಟರ್ ದಾಟಲು 16. ಒಟ್ಟು 23 ಬೇಕು. ಇರುವುದು 11. ಅರ್ಧರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವವರು ಹುಟ್ಟುವುದು ಈ ಲೆಕ್ಕದಿಂದ. ಅಡ್ಡರಸ್ತೆಗೆ 23 ಕೊಟ್ಟು, ಅದೇ ಅನುಪಾತದಲ್ಲಿ ಮುಖ್ಯರಸ್ತೆಗೆ 40 ಕೊಟ್ಟರೆ ಸುತ್ತು 71 ಸೆಕೆಂಡ್ ಆಗುತ್ತದೆ.

ಈಗ 3ನೇ ಹಂತದ ಆ ನಾಲ್ಕು ಮೀಟರ್ ತನ್ನಿ. ಮುಖ್ಯರಸ್ತೆ ದಾಟುವ ದೂರ 10 ಮೀಟರ್ ಆಯಿತು. ಬೇಕಾದ ಹಸಿರು 18. ಮುಖ್ಯರಸ್ತೆಗೆ 32. ಸುತ್ತು 58 ಸೆಕೆಂಡ್. ಫುಟ್‌ಪಾತ್ ಚಾಚಿದ್ದರಿಂದ ಪ್ರತಿ ಸುತ್ತಿನಲ್ಲೂ 13 ಸೆಕೆಂಡ್ ಉಳಿಯಿತು, ಕಾರಿನವರಿಗೂ ಸೇರಿಸಿ. ಸಿಗ್ನಲ್ ಕೊನೆಗಿರಲಿ ಅಂತ ಮೊದಲಿಂದ ಹೇಳುತ್ತಿರುವುದು ಇದಕ್ಕೇ.

ಬಲತಿರುವಿಗೆ ಎರಡು ಪ್ರತ್ಯೇಕ ಸರದಿ ಸೇರಿಸಿದರೆ ವ್ಯರ್ಥ ಸಮಯ 16 ಆಗುತ್ತದೆ. ಒಟ್ಟು ಅನುಪಾತ 0.70 ಅಂತ ಹಿಡಿದರೆ ಸೂತ್ರ 97 ಸೆಕೆಂಡ್ ಕೊಡುತ್ತದೆ. ಸರದಿ ಸೇರಿಸುವ ಮುಂಚೆ ಆ ತಿರುವು ನಿಜವಾಗಿ ಬೇಕಾ, ಮುಂದಿನ ಜಂಕ್ಷನ್‌ಗೆ ಕಳಿಸಬಹುದಾ ಅಂತ ನೋಡಿ. ಕಾಯುವುದು ಜಾಸ್ತಿ ಆದಷ್ಟೂ ಕೆಂಪಿನಲ್ಲಿ ದಾಟುವವರು ಜಾಸ್ತಿ ಆಗುತ್ತಾರೆ. ಟೋಕಿಯೋದ ಶಿಬುಯಾದಲ್ಲಿ ಇರುವಂತೆ ಎಲ್ಲ ವಾಹನ ನಿಲ್ಲಿಸಿ ಜನರನ್ನು ಓರೆಯಾಗಿಯೂ ದಾಟಿಸುವ ಪದ್ಧತಿ ಜನ ತುಂಬಿ ತುಳುಕುವ ಕಡೆ ಸರಿ. ಉಳಿದ ಕಡೆ ಅದೂ ಎಲ್ಲರ ಕಾಯುವಿಕೆಯನ್ನು ಉದ್ದ ಮಾಡುತ್ತದೆ.

ಇನ್ನು ಸಣ್ಣ ಹೊಂದಾಣಿಕೆಗಳು. ನಡೆಯುವವರಿಗೆ ವಾಹನಕ್ಕಿಂತ 3ರಿಂದ 7 ಸೆಕೆಂಡ್ ಮುಂಚೆ ಹಸಿರು ಕೊಡಿ. ವಾಹನ ತಿರುಗುವಷ್ಟರಲ್ಲಿ ಅವರು ಪಟ್ಟಿಯ ನಡುವೆ ಇದ್ದು ಎದ್ದು ಕಾಣುತ್ತಾರೆ. ಹಳದಿ 3 ಸೆಕೆಂಡ್ ಆದ ಮೇಲೆ ನಾಲ್ಕೂ ಕಡೆ ಕೆಂಪು ಇರುವ ಸಮಯವನ್ನು ಸೈಕಲ್ ಲೆಕ್ಕದಲ್ಲಿ ಇಡಿ. ಸೆಕೆಂಡಿಗೆ 4 ಮೀಟರ್ ಹೋಗುವ ಸೈಕಲ್‌ಗೆ 24 ಮೀಟರ್ ಜಂಕ್ಷನ್ ದಾಟಲು 6 ಸೆಕೆಂಡ್ ಬೇಕು. ಹಳದಿಯ 3 ಕಳೆದರೆ ಇನ್ನೂ 3. ನಡೆಯುವವರ ಹಸಿರು ಗುಂಡಿ ಒತ್ತದೆಯೂ ಪ್ರತಿ ಸುತ್ತಿನಲ್ಲೂ ಬರಲಿ. ಕಣ್ಣು ಕಾಣದವರಿಗೆ ಸದ್ದಿನ ಸೂಚನೆ ಇರಲಿ.

ಹಂತ 8: ಕಟ್ಟುವ ಮುಂಚೆ ಬಣ್ಣದಲ್ಲಿ ಮಾಡಿ ನೋಡಿ

ಕಾಂಕ್ರೀಟ್ ಹಾಕಿದ ಮೇಲೆ ತಪ್ಪು ತಿದ್ದುವುದು ಕಷ್ಟ. ಬಣ್ಣ, ಕೋನ್, ರಬ್ಬರ್ ಕಂಬ, ಮಣ್ಣಿನ ತೊಟ್ಟಿಗಳಿಂದ ಇಡೀ ವಿನ್ಯಾಸವನ್ನು ರಸ್ತೆಯ ಮೇಲೆ ಮಾಡಿ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ವಾಹನ ನಿಲ್ಲಿಸಿ ಜನರಿಗೆ ಜಾಗ ಬಿಟ್ಟಿದ್ದು ಹೀಗೆ ತಾತ್ಕಾಲಿಕವಾಗಿಯೇ. ಮರುವರ್ಷ ಅದನ್ನು ಕಾಯಂ ಮಾಡಿದರು.

ಮೊದಲ ವಾರದ ಗದ್ದಲ ನೋಡಿ ತೀರ್ಮಾನಕ್ಕೆ ಬರಬೇಡಿ. ಜನರಿಗೆ ಹೊಸ ದಾರಿ ಅಭ್ಯಾಸವಾಗಲು ಹೊತ್ತು ಬೇಕು. ನಾಲ್ಕನೇ ವಾರದಲ್ಲಿ, 1ನೇ ಹಂತದಲ್ಲಿ ನಿಂತಿದ್ದ ವಾರದ ಅದೇ ದಿನ, ಅದೇ ಹೊತ್ತು, ಅದೇ ಮೂಲೆಯಲ್ಲಿ ನಿಂತು ಕೆಂಪು ಚುಕ್ಕೆಗಳನ್ನು ಮತ್ತೆ ಹಾಕಿ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಡಿ. ಯಾವ ಕೋನ್ ಪದೇ ಪದೇ ಬೀಳುತ್ತದೋ ಆ ಮೂಲೆಯ ಗೆರೆ ತಪ್ಪಿದೆ, ಇಲ್ಲವೇ ಅಲ್ಲಿ ವೇಗ ಇನ್ನೂ ಇಳಿದಿಲ್ಲ. ಯಾವುದು ಅಂತ ಕೋನ್ ಬಿದ್ದ ದಿಕ್ಕು, ಟೈರ್ ಗುರುತು ನೋಡಿ ತಿಳಿಯಿರಿ.

ಹಂತ 9: ಕಟ್ಟುವಾಗ ಕಣ್ಣಿಡಬೇಕಾದ್ದು

ಮೊದಲು ನೆಲದಡಿಯ ಕೆಲಸ, ಆಮೇಲೆ ಕರ್ಬ್, ಆಮೇಲೆ ರಸ್ತೆಯ ಮೇಲ್ಪದರ, ಕೊನೆಗೆ ಬಣ್ಣ. ಕೆಲಸ ನಡೆಯುವಷ್ಟು ದಿನವೂ ನಡೆಯುವವರಿಗೆ ಒಂದು ದಾರಿ ತೆರೆದಿರಬೇಕು.

ನನ್ನ ಮೊದಲ ಕೆಲಸವೊಂದರಲ್ಲಿ ರ‍್ಯಾಂಪ್‌ಗಳು ನಕ್ಷೆಯಲ್ಲಿ ಬಹಳ ಚೆನ್ನಾಗಿದ್ದವು. ಮೊದಲ ಮಳೆಗೆ ನಾಲ್ಕೂ ರ‍್ಯಾಂಪ್‌ಗಳ ಬುಡದಲ್ಲಿ ನೀರು ನಿಂತಿತು. ಫುಟ್‌ಪಾತ್ ಮುಂದಕ್ಕೆ ಚಾಚಿದಾಗ ಹಳೆಯ ನೀರಿನ ದಾರಿಗೆ ಅಡ್ಡ ಕಟ್ಟಿದ್ದೆ, ಚರಂಡಿ ಬಾಯಿಯನ್ನು ಸರಿಸಿರಲಿಲ್ಲ. ಜನ ಆ ನೀರು ತಪ್ಪಿಸಲು ರಸ್ತೆಗಿಳಿದು ಸುತ್ತಿ ಹೋಗುತ್ತಿದ್ದರು. ಚರಂಡಿ ಬಾಯಿ ಯಾವಾಗಲೂ ರ‍್ಯಾಂಪ್‌ಗಿಂತ ಮೇಲಿನ ಬದಿಯಲ್ಲಿ ಇರಬೇಕು, ನೀರು ಅಲ್ಲಿಗೆ ಬರುವ ಮುಂಚೆಯೇ ಇಳಿದುಹೋಗಬೇಕು. ಕಾಂಕ್ರೀಟ್ ಒಣಗಿದ ದಿನವೇ ಬಕೆಟ್ ನೀರು ಸುರಿದು ನೋಡಿ. ಗುತ್ತಿಗೆದಾರರು ಸಾಮಾನು ಕಟ್ಟುವ ಮುಂಚೆ ಇದನ್ನು ಮಾಡಿದರೆ ತಿದ್ದಿಸಬಹುದು.

ರ‍್ಯಾಂಪ್ ರಸ್ತೆಗೆ ಸೇರುವಲ್ಲಿ ಒಂದು ಬೆರಳಿನಷ್ಟು ಅಂಚು ಉಳಿದರೂ ವೀಲ್‌ಚೇರ್‌ನ ಮುಂದಿನ ಚಿಕ್ಕ ಗಾಲಿ ಸಿಕ್ಕಿಕೊಳ್ಳುತ್ತದೆ. ಮೊದಲ ದಿನ ಜೊತೆಗೆ ಬಂದವರನ್ನು ಈಗ ಮತ್ತೆ ಕರೆಸಿ, ನಾಲ್ಕೂ ಕಡೆ ದಾಟಲು ಹೇಳಿ. ವಾಹನ ಹತ್ತದಂತೆ ಗೂಟ ನೆಡುವುದಾದರೆ ಎರಡರ ನಡುವೆ 90 ಸೆಂ.ಮೀ. ಆದರೂ ಬಿಡಿ. ಬೀದಿದೀಪ ಪಟ್ಟಿಯ ನೇರ ಮೇಲೆ ಬೇಡ. ವಾಹನ ಬರುವ ಬದಿಗೆ ಸ್ವಲ್ಪ ಮುಂಚೆ ಇರಲಿ, ಆಗ ದಾಟುವವರ ಮೈಮೇಲೆ ಬೆಳಕು ಬೀಳುತ್ತದೆ. ಇಲ್ಲದಿದ್ದರೆ ಚಾಲಕರಿಗೆ ಬರೀ ಕಪ್ಪು ನೆರಳು ಕಾಣುತ್ತದೆ.

ಹಂತ 10: ತೆರೆದ ಮೇಲೆ

ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಹೋಗಿ. ಜನ ಪಟ್ಟಿಯ ಹೊರಗೆ ದಾಟುತ್ತಿದ್ದರೆ ಪಟ್ಟಿ ತಪ್ಪು ಜಾಗದಲ್ಲಿದೆ, ಅಥವಾ ಕಾಯುವ ಹೊತ್ತು ಜಾಸ್ತಿಯಾಗಿದೆ. ಸೈಕಲ್ ಫುಟ್‌ಪಾತ್ ಮೇಲಿದ್ದರೆ ಅವರಿಗೆ ಕೊಟ್ಟ ದಾರಿ ಎಲ್ಲೋ ಒಂದು ಕಡೆ ತುಂಡಾಗಿದೆ. ಸ್ಟಾಪ್ ಲೈನ್ ದಾಟಿ ವಾಹನ ನಿಲ್ಲುತ್ತಿದ್ದರೆ ಅಲ್ಲಿಂದ ಸಿಗ್ನಲ್ ದೀಪ ಕಾಣುತ್ತಿದೆ ಅಂತ ಅರ್ಥ. ದೀಪವನ್ನು ಜಂಕ್ಷನ್‌ನ ಈಚೆ ಬದಿಗೆ ತಂದರೆ ಮುಂದೆ ಬಂದು ನಿಂತವರಿಗೆ ದೀಪ ಕಾಣುವುದಿಲ್ಲ, ತಾವಾಗಿಯೇ ಹಿಂದೆ ನಿಲ್ಲುತ್ತಾರೆ. ದಂಡ ಹಾಕಿ, ಬೇಲಿ ಹಾಕಿ ಅನ್ನುವ ಸಲಹೆ ಬಂದಾಗ ಮೊದಲು ಈ ಮೂರನ್ನು ಪರೀಕ್ಷಿಸಿ.

ಮುಂದೆ ಯಾವತ್ತಾದರೂ ರಸ್ತೆಗೆ ಡಾಂಬರು ಹಾಕಲು ಬರುತ್ತಾರೆ. ಹಳೆಯ ಪದರ ಕೆರೆದು ತೆಗೆಯದೆ ಮೇಲೆ ಮೇಲೆ ಹಾಕಿದರೆ ಎತ್ತರಿಸಿದ ಪಟ್ಟಿ ನೆಲಸಮವಾಗುತ್ತದೆ, ರ‍್ಯಾಂಪ್ ಬುಡದಲ್ಲಿ ಮತ್ತೆ ನೀರು ನಿಲ್ಲುತ್ತದೆ. ಆ ದಿನ ಅಲ್ಲಿರುವವರ ಕೈಗೆ ಸಿಗುವಂತೆ ಕರ್ಬ್‌ನ ಎತ್ತರ, ಪಟ್ಟಿಯ ಎತ್ತರ, ಚರಂಡಿ ಬಾಯಿಯ ಮಟ್ಟ ಮೂರನ್ನೂ ಅಂತಿಮ ನಕ್ಷೆಯ ಮೇಲೆಯೇ ಬರೆದು, ರಸ್ತೆ ನೋಡಿಕೊಳ್ಳುವ ವಿಭಾಗಕ್ಕೆ ಒಂದು ಪ್ರತಿ ಕೊಟ್ಟಿಡಿ.